ಕಾಕಾ, ಅವರ ಮಾಲಕರು ಮತ್ತು ಒಂದು ವನ್ಸ್ ಮೋರ್

ಇಡೀ ಲಂಡನ್ನಿನಲ್ಲಿ ನಮ್ಮ ಕಾಕಾನಿಗೆ ಜೀವದ ಗೆಳೆಯ ಅಂತ ಇರುವುದು ಒಬ್ಬರೇ. ಆ ಒಬ್ಬರು ತೀರಿಕೊಂಡು ನೂರು ವರ್ಷದ ಮೇಲಾಯಿತು!

ಗಾಬರಿಯಾಗಬೇಡಿ, ಕಾಕಾನ ತಲೆ ನೆಟ್ಟಗಿದೆ. ಅವರ ಜಿಪಿ, ಅಂದರೆ ಇಲ್ಲಿನ ಮನೆವೈದ್ಯರೇ, ಎರಡು ಸಲ ಪರೀಕ್ಷೆ ಮಾಡಿ ಹಾಗೆಂದು ಹೇಳಿದ್ದಾರೆ. ಎರಡನೆಯ ಸಲ ಯಾಕೆ ಮಾಡಿದರು ಎಂದು ಮಾತ್ರ ಕೇಳಬೇಡಿ. ನನ್ನ ಅಪ್ಪನ ತಮ್ಮ ಇವರು, ವಯಸ್ಸು ಎಪ್ಪತ್ತಾರು, ಮನೆ ಗ್ರೀನ್‌ಫರ್ಡ್‌ನಲ್ಲಿ, ನಿವೃತ್ತಿಯಾಗುವ ತನಕ ಮಾಡಿದ ಕೆಲಸ ಕೆಂಪು ಬಸ್ಸಿನ ಡ್ರೈವರಿಕೆ. ಅವರ ಆ ಗೆಳೆಯರು ವಿಕ್ಟೋರಿಯಾ ರಾಣಿಯ ಕೊನೆಗಾಲದಲ್ಲಿ ಇದೇ ಊರಿನಲ್ಲಿ ನಾಟಕ ಆಡಿಸುತ್ತಿದ್ದ ಒಬ್ಬ ನಿರ್ಮಾಪಕ. ಹಾಡು, ಕುಣಿತ, ನಗೆ, ಮೇಲಿಷ್ಟು ಪ್ರೇಮ ಎಲ್ಲ ಸೇರಿಸಿ 'ಮ್ಯೂಸಿಕಲ್ ಕಾಮಿಡಿ' ಎಂಬ ಹೊಸ ರುಚಿಯನ್ನು ಲಂಡನ್ನಿಗೆ ಹಚ್ಚಿದ ಪುಣ್ಯಾತ್ಮ. ಕಾಕಾ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಮ್ಮ ಧಾರವಾಡ ಕಡೆಯ ನಾಟಕ ಕಂಪನಿಗಳಲ್ಲಿ ಕಂಪನಿ ನಡೆಸುವವರಿಗೆ 'ಮಾಲಕರು' ಎನ್ನುವುದು ವಾಡಿಕೆ. ಕಾಕಾನ ಬಾಯಲ್ಲಿ ಈ ಬಿಳಿಯ ಮನುಷ್ಯರೂ ಮಾಲಕರೇ!

ಟ್ಯೂಬು ರೈಲು ತಡವಾಯಿತೇ? "ಮಾಲಕರು ಇದ್ದಿದ್ರ ಹಿಂಗ ಆಗ್ತಿರಲಿಲ್ಲ." ಸಾರಿಗೆ ಉಪ್ಪು ಹೆಚ್ಚಾಯಿತೇ? "ಮಾಲಕರು ಇದನ್ನ ಹೊಳ್ಳಿ ಕಳಸ್ತಿದ್ರು." ಈ ಮಾಲಕರು ಪಕ್ಕದ ಮನೆಯಲ್ಲೇ ಇದ್ದಾರೆ, ಈಗಷ್ಟೇ ಇವರು ಅವರ ಜೊತೆ ಚಹಾ ಕುಡಿದು ಬಂದಿದ್ದಾರೆ ಎಂದೇ ಹೊಸಬರು ತಿಳಿಯುತ್ತಾರೆ. ಒಮ್ಮೆ ನಮ್ಮ ಮನೆಗೆ ಬಂದವರೊಬ್ಬರು, "ನಿಮ್ಮ ಮಾಲಕರನ್ನೂ ಊಟಕ್ಕೆ ಕರೆಯಬೇಕಿತ್ತು" ಎಂದು ಸಂಕೋಚಪಟ್ಟಿದ್ದುಂಟು.

ಈ ಗೆಳೆತನ ಶುರುವಾಗಿದ್ದು ಬಸ್ಸಿನಲ್ಲಿ. ಯಾರೋ ಪ್ರಯಾಣಿಕರು ಸೀಟಿನ ಮೇಲೆ ಒಂದು ಹಳೆಯ ಪುಸ್ತಕ ಬಿಟ್ಟು ಇಳಿದಿದ್ದರು. ಕಾಕಾ ನಿಯಮದಂತೆ ಅದನ್ನು ಡಿಪೋದಲ್ಲಿ ಒಪ್ಪಿಸಿದರು. ತಿಂಗಳುಗಟ್ಟಲೆ ಯಾರೂ ಕೇಳಿಕೊಂಡು ಬರಲಿಲ್ಲವಾಗಿ ಅದು ಕಾಕಾನ ಕೈಗೇ ವಾಪಸು ಬಂತು. ಅದು ಮಾಲಕರ ಚರಿತ್ರೆ! ಓದಿದರೆ, ಮಾಲಕರ ನಾಟಕಶಾಲೆ ನಿಂತಿದ್ದದ್ದು ಸ್ಟ್ರ್ಯಾಂಡ್ ರಸ್ತೆಯ ಮೂಲೆಯಲ್ಲಿ, ಕಾಕಾನ ಬಸ್ಸು ದಿನಕ್ಕೆ ಆರು ಸಲ ಹಾಯುವ ದಾರಿಯಲ್ಲಿ. ಕಟ್ಟಡ ಯಾವ ಕಾಲಕ್ಕೋ ನೆಲಸಮವಾಗಿತ್ತು. ಆದರೇನು? ಮರುದಿನದಿಂದ ಕಾಕಾ ಆ ಮೂಲೆ ಬಂದೊಡನೆ ಬಸ್ಸು ನಿಧಾನ ಮಾಡುವುದು, ಬಲಗೈ ಹಣೆಗೆ ಮುಟ್ಟಿಸುವುದು, ಮುಂದೆ ಸಾಗುವುದು. ದಿನಕ್ಕೆ ಆರು ಸಲ!

ಯಾರೋ ದೂರು ಕೊಟ್ಟರು. ಡಿಪೋದ ಅಧಿಕಾರಿ ಕರೆಸಿ ಕೇಳಿದರೆ ನಮ್ಮವರು ಸತ್ಯ ಹೇಳಿಬಿಟ್ಟರು: ಅದು ನಮ್ಮ ಮಾಲಕರ ಜಾಗ, ನಮಸ್ಕರಿಸದೆ ದಾಟುವುದು ಹೇಗೆ? ಇವರಿಗೆ ಇನ್ನೊಂದು ಕಡೆಯೂ ನೌಕರಿ ಇದೆ ಎಂದು ಅಧಿಕಾರಿಗೆ ಅನುಮಾನ ಹುಟ್ಟಿತು. 'ತಾವು ಬೇರೆ ಯಾರ ಬಳಿ ಕೆಲಸ ಮಾಡುತ್ತೀರಿ ಎಂಬುದನ್ನು ಬರಹದಲ್ಲಿ ತಿಳಿಸಬೇಕು' ಎಂದು ಪತ್ರ ಬಂತು. ಕಾಕಾ ರಾಣಿಗೆ ಅರ್ಜಿ ಬರೆಯುವಷ್ಟು ಶ್ರದ್ಧೆಯಿಂದ ಉತ್ತರ ಬರೆದರು: 'ಮಾಲಕರು ತೀರಿಕೊಂಡಿದ್ದಾರೆ. ಸಂಬಳ ಕೊಡುವುದಿಲ್ಲ. ರಜೆಯೂ ಇಲ್ಲ. ಆದರೂ ನಾನು ಅವರನ್ನು ಬಿಡುವವನಲ್ಲ.' ಅದಕ್ಕೆ ಡಿಪೋದಿಂದ ಉತ್ತರ ಬರಲಿಲ್ಲ. ಇನ್ನೇನು ತಾನೇ ಬರೆದಾರು?

ಇಷ್ಟಕ್ಕೂ ಮಾಲಕರು ಅಂಥದ್ದೇನು ಮಾಡಿದರು? ನನ್ನ ಮಗಳು ಒಂದು ಭಾನುವಾರ ಕಾಕಾನ ಮನೆಯಲ್ಲಿ ತಿಳಿಯದೆ ಈ ಪ್ರಶ್ನೆ ಕೇಳಿಬಿಟ್ಟಳು. ನಾವಿರುವುದು ಲಂಡನ್ನಿನ ಇನ್ನೊಂದು ತುದಿಯ ಸಟನ್ನಿನಲ್ಲಿ. ಗ್ರೀನ್‌ಫರ್ಡ್‌ನಿಂದ ಹೊರಟು ಮನೆ ಮುಟ್ಟಲು ಎರಡು ಗಂಟೆ ಬೇಕು. ಅವತ್ತು ನಾಲ್ಕು ಟ್ರೇನು ತಪ್ಪಿಸಿಕೊಂಡೆವು.

"ಮಾಲಕರು ಬರೂಕಿಂತ ಮೊದಲ ರಂಗದ ಮ್ಯಾಲ ಯಾರ್ಯಾರು ಇರ್ತಿದ್ರು ಗೊತ್ತೇನವಾ?" ಕಾಕಾ ಸೋಫಾದ ತುದಿಗೆ ಬಂದು ಕೂತರು. "ರಾಜಾ, ರಾಣಿ, ದೇವತಾ, ಕಿನ್ನರಿ! ಇಲ್ಲಾಂದ್ರ ಬಿಗಿ ಚಡ್ಡಿ ಹಾಕ್ಕೊಂಡು ಗಂಡಸರ ವೇಷ ಕಟ್ಟಿದ ಹೆಣ್ಮಕ್ಕಳು. ಮಾಲಕರು ಅವರ್ನೆಲ್ಲಾ ಮನಿಗೆ ಕಳಿಸಿದ್ರು. ಅಂಗಡ್ಯಾಗ ನಿಂತು ರಿಬ್ಬನ್ನು ಅಳಿಯೋ ಹುಡುಗೀನ್ನ ಕರಕೊಂಡು ಬಂದು ನಟ್ಟನಡುವ ನಿಲ್ಲಿಸಿದ್ರು. 'ನೀನ ಹೀರೋಯಿನ್ನು, ಹಾಡವಾ' ಅಂದ್ರು. ಲಂಡನ್ನಿಗೆ ಲಂಡನ್ನ ಬಿದ್ದು ಬಂತು ನೋಡಾಕ!"

"ಸೋ ಹೀ ವಾಸ್ ಅ ಫೆಮಿನಿಸ್ಟ್?" ಮಗಳು ಕೇಳಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಮಾತ್ರ ಇಂಗ್ಲಿಷೇ ಬೀಳುತ್ತದೆ.

"ಅಲ್ಲವಾ, ವ್ಯಾಪಾರಸ್ಥ! ಅಂಗಡಿ ಹುಡುಗ್ಯಾರೂ ಟಿಕೀಟು ತಗೀತಾರಂತ ಅವರಿಗೆ ಗೊತ್ತಿತ್ತು. ಖರೇ ವ್ಯಾಪಾರಸ್ಥಗ ಮಂದಿ ಮನಸ್ಸಿನ್ಯಾಗಿನ ಆಸೆ ತಿಳಿತೈತಿ."

ಕಾಕಾ ಮುಂದುವರಿಸಿದರು. ಮಾಲಕರು ತಮ್ಮ ಹುಡುಗಿಯರಿಗೆ ಹಾಡು ಕಲಿಸಲು ಒಬ್ಬರನ್ನು, ಕುಣಿತಕ್ಕೊಬ್ಬರನ್ನು, ಮಾತಿಗೊಬ್ಬರನ್ನು ಇಟ್ಟಿದ್ದರಂತೆ. ಊರಿನ ದೊಡ್ಡ ದೊಡ್ಡ ದರ್ಜಿಗಳಿಂದ ಬಟ್ಟೆ ಹೊಲಿಸುತ್ತಿದ್ದರಂತೆ. ನಾಟಕಕ್ಕಿಂತ ಆ ಉಡುಪು ನೋಡಲಿಕ್ಕೇ ಹೆಂಗಸರು ಮುಗಿಬೀಳುತ್ತಿದ್ದರಂತೆ. ಅಡುಗೆಮನೆಯಿಂದ ಕಾಕು, ಅಂದರೆ ಕಾಕಾನ ಹೆಂಡತಿ, ಕೂಗಿ ಹೇಳಿದರು: "ಅಂದ್ರ ಅವರು ಇಟ್ಟಿದ್ದು ನಾಟಕ ಕಂಪನಿ ಅಲ್ಲ, ಸೀರಿ ಅಂಗಡಿ ಅನ್ರೀ!"

ಕಾಕುಗೆ ಆ ಮಾತಾಡುವ ಅಧಿಕಾರವಿದೆ. ಸೌತ್‌ಹಾಲಿನ ಬ್ರಾಡ್‌ವೇಯಲ್ಲಿ ಒಂದು ಸೀರೆ ಅಂಗಡಿಯ ಕೌಂಟರಿನ ಹಿಂದೆ ಅವರು ಮೂವತ್ತು ವರ್ಷ ನಿಂತಿದ್ದಾರೆ. ನಿಂತಿದ್ದಾರೆ ಎಂದರೆ ನಿಂತೇ ಇದ್ದರು. ಆ ಅಂಗಡಿಯಲ್ಲಿ ಕೂರಲು ಸ್ಟೂಲು ಇರಲಿಲ್ಲ. ಈಗಲೂ ಕಾಕು ನಮ್ಮ ಮನೆಗೆ ಬಂದರೆ ಕುರ್ಚಿ ತೋರಿಸಿದ ಮೇಲೂ ಅರ್ಧ ಗಂಟೆ ನಿಂತೇ ಮಾತಾಡುತ್ತಾರೆ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಹರೆಯದಲ್ಲಿ ಇಬ್ಬರೂ ಊರಿಂದೂರಿಗೆ ಕ್ಯಾಂಪು ಹಾಕುವ ಒಂದು ನಾಟಕ ಕಂಪನಿಯಲ್ಲಿದ್ದವರು. ಕಾಕು ನಾಯಕಿಯ ಗೆಳತಿಯ ಪಾತ್ರ ಮಾಡಿ ಹಾಡುತ್ತಿದ್ದರು. ಕಾಕಾ ಪರದೆ ಎಳೆಯುತ್ತಿದ್ದರು. ನಮ್ಮ ಕಡೆಯ ಕಂಪನಿ ನಾಟಕ ನೋಡದವರಿಗೆ 'ವನ್ಸ್ ಮೋರ್' ಎಂದರೇನೆಂದು ಗೊತ್ತಿರಲಾರದು. ಹಾಡು ಮನಸ್ಸಿಗೆ ಬಂತೋ, ಪ್ರೇಕ್ಷಕರು ಗಂಟಲು ಹರಿಯುವಂತೆ ಕೂಗುತ್ತಾರೆ: ವನ್ಸ್ ಮೋರ್! ಕೂಗಿದರೆ ಮುಗಿಯಿತು, ಹಾಡಲೇಬೇಕು. ವಿಷ ಕುಡಿದು ಸತ್ತು ಬಿದ್ದ ನಾಯಕನೂ ಎದ್ದು ಕೂತು, ಮೈಮೇಲಿನ ಧೂಳು ಝಾಡಿಸಿ, ಅದೇ ಹಾಡು ಹಾಡಿ, ಮತ್ತೆ ನೀಟಾಗಿ ಸಾಯಬೇಕು! ಯಾರಿಗೆ ಎಷ್ಟು ವನ್ಸ್ ಮೋರ್ ಬಂತು ಎಂಬುದರ ಮೇಲೆಯೇ ಮುಂದಿನ ಕ್ಯಾಂಪಿನಲ್ಲಿ ಯಾರಿಗೆ ಯಾವ ಪಾತ್ರ ಎಂಬ ತೀರ್ಮಾನ. ಪರದೆ ಎಳೆಯುವವನು ಅದಕ್ಕೇ ಕಿವಿ ತೆರೆದುಕೊಂಡು ನಿಂತಿರಬೇಕು. ವನ್ಸ್ ಮೋರ್ ಕೇಳಿದರೆ ಹಗ್ಗ ಮುಟ್ಟಬಾರದು.

ಕಂಪನಿ ಮುಚ್ಚಿತು, ಇಬ್ಬರೂ ಮದುವೆಯಾದರು, ಕಾಕುವಿನ ಅಣ್ಣನ ಬೆನ್ನು ಹಿಡಿದು ಲಂಡನ್ನಿಗೆ ಬಂದರು. ಆದರೆ ಆ ವನ್ಸ್ ಮೋರ್ ಕಾಕಾನ ಗಂಟಲಲ್ಲೇ ಉಳಿದಿತ್ತು ನೋಡಿ! ನಮ್ಮ ಮದುವೆಯ ಹದಿನೈದನೇ ವರ್ಷಕ್ಕೆ ನನ್ನ ಗಂಡ ಎಲ್ಲರನ್ನೂ ವೆಸ್ಟ್ ಎಂಡಿನ ಒಂದು ದೊಡ್ಡ ಥಿಯೇಟರಿಗೆ ಕರೆದುಕೊಂಡು ಹೋದರು. ಮಧ್ಯಂತರಕ್ಕೆ ಮುಂಚೆ ನಾಯಕಿ ಎದೆ ಕರಗುವ ಹಾಗೆ ಹಾಡಿದಳು. ಚಪ್ಪಾಳೆ ಬಿತ್ತು, ನಿಂತಿತು. ನಾಯಕ ಮಾತಾಡಲು ಬಾಯಿ ತೆರೆದ. ಆಗ ನನ್ನ ಪಕ್ಕದ ಸೀಟು ತಟ್ಟನೆ ಖಾಲಿಯಾಯಿತು.

"ವನ್ಸ್ ಮೋರ್!"

ಕಾಕಾ ಎದ್ದು ನಿಂತಿದ್ದರು. ಸಾವಿರ ತಲೆಗಳು ನಮ್ಮ ಕಡೆ ತಿರುಗಿದವು. ನನ್ನ ಮಗಳು ಸೀಟಿನಿಂದ ಜಾರಿ ನೆಲ ಮುಟ್ಟಿದಳು. ನಾನು ಕಾಕಾನ ಕೋಟು ಹಿಡಿದು ಜಗ್ಗಿದೆ. "ಕಾಕಾ, ಕೂಡ್ರಿ, ಮರ್ಯಾದಿ ಹೋಗ್ತೈತಿ!" ಟಾರ್ಚು ಹಿಡಿದ ಹುಡುಗಿ ಬಂದು, ಸರ್, ದಯವಿಟ್ಟು, ಎಂದಳು. ಕಾಕಾ ಅವಳಿಗೇ ಪಾಠ ಮಾಡಿದರು. ಮಾಲಕರ ಕಾಲದಲ್ಲಿ ಇದೇ ಊರಿನಲ್ಲಿ ಒಂದೊಂದು ಹಾಡನ್ನೂ ಮರಳಿ ಮರಳಿ ಹಾಡಿಸುತ್ತಿದ್ದರು, ಗೊತ್ತೇ? ಅವಳಿಗೇನು ಗೊತ್ತು ಪಾಪ! ಮನೆಗೆ ಬರುವಾಗ ಕಾಕಾಗೆ ಸಿಟ್ಟು ಬರಲಿಲ್ಲ, ದುಃಖವಾಗಿತ್ತು. "ಅಷ್ಟು ಚಂದ ಹಾಡಿದ್ಲು. ಯಾರೂ ಮತ್ತೊಮ್ಮೆ ಹಾಡು ಅನ್ನಲಿಲ್ಲಲ್ಲ" ಎಂದು ಟ್ಯೂಬಿನಲ್ಲಿ ಮೂರು ಸ್ಟೇಷನ್ ತನಕ ಗೊಣಗಿದರು. ನಾಚಿಕೆಯಿಂದ ನನ್ನ ಕಿವಿ ಇನ್ನೂ ಬಿಸಿಯಾಗಿಯೇ ಇತ್ತು.

ಕುಂದಾಪುರದವರಾದ ನನ್ನ ಗಂಡನಿಗೆ ಮಾತ್ರ ಭಾರೀ ನಗು. "ನಮ್ಮ್ ಯಕ್ಷಗಾನಕ್ಕೆ ಈ ಒನ್ಸ್ ಮೋರೆಲ್ಲ ಇಲ್ಲೆ ಮಾರಾಯ್ತಿ" ಎಂದು ಕಣ್ಣೊರೆಸಿಕೊಂಡರು. ನಗುವವರನ್ನು ದೇವರು ನೋಡಿಕೊಳ್ಳುತ್ತಾನೆ. ಹೇಗೆ ಎಂದು ಮುಂದೆ ಕೇಳಿ.

ಹೋದ ವರ್ಷ ರಾಜ್ಯೋತ್ಸವಕ್ಕೆ ಎರಡು ತಿಂಗಳಿದೆ ಎನ್ನುವಾಗ ಕಾಕಾ ಘೋಷಣೆ ಮಾಡಿದರು: ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಅವರು ಒಂದು ಮ್ಯೂಸಿಕಲ್ ಕಾಮಿಡಿ ಆಡಿಸುತ್ತಾರೆ. ಕನ್ನಡದಲ್ಲಿ. ಸೌತ್‌ಹಾಲಿನ ಸೀರೆ ಅಂಗಡಿಯ ಹುಡುಗಿಯೇ ಹೀರೋಯಿನ್. ಶ್ರೀಮಂತರ ಮನೆಯ ಹುಡುಗನೊಬ್ಬ ಪೊಲೀಸ್ ವೇಷ ಹಾಕಿಕೊಂಡು ಬಂದು ಅವಳನ್ನು ಪ್ರೀತಿಸುತ್ತಾನೆ. ಕೊನೆಗೆ ಅವಳೇ ಬಂಗಾರದ ಗಣಿಯ ವಾರಸುದಾರಳು ಎಂದು ತಿಳಿಯುತ್ತದೆ. ಪೊಲೀಸ್ ವೇಷ ಯಾಕೆ ಕಾಕಾ ಎಂದರೆ, "ಮಾಲಕರ ನಾಟಕದಾಗೂ ಕಥಿ ಹಿಂಗ ಇರ್ತಿತ್ತು, ಯಾರೂ ಯಾಕ ಅಂತ ಕೇಳ್ತಿರಲಿಲ್ಲ" ಎಂದರು.

"ಹೀರೋ ಯಾರು?" ಎಂದೆ. ಕಾಕಾ ನನ್ನ ಗಂಡನ ಕಡೆ ನೋಡಿದರು. ನೋಡಿದಿರಾ ದೇವರ ಆಟ!

"ಹ್ವಾಯ್, ನಂಗ್ ಆತಿಲ್ಲೆ!" ಗಂಡ ಎದ್ದು ನಿಂತರು. "ಹೀರೋಯಿನ್ ಯಾರ್?"

"ನಿಮ್ಮ ಕಾಕು."

ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು. ಕಾಕು ಹೊರಗೆ ಬಂದರು, ಕೈತುಂಬ ಹಿಟ್ಟು. "ನನಗ ಎಪ್ಪತ್ತು ತುಂಬ್ಯಾವ್ರಿ! ಮಂಡಿ ಆಪರೇಷನ್ ಆಗೇತಿ! ಅಳಿಯಂದಿರ ಜೋಡಿ ಪ್ರೀತಿ ಮಾಡಂತೀರೇನು?"

"ಮೂವತ್ತು ವರ್ಷ ಅಂಗಡ್ಯಾಗ ನಿಂತಾಕಿ ಈ ಲಂಡನ್ನಿನ ಕನ್ನಡದವರಾಗ ಬ್ಯಾರೆ ಯಾರದಾರ ಹೇಳು" ಎಂದರು ಕಾಕಾ ಮೆಲ್ಲಗೆ. "ಈ ಪಾತ್ರ ನಿನಗಂತ ಬರದೀನಿ. ನೀ ಒಲ್ಲೆ ಅಂದ್ರ ನಾಟಕ ಇಲ್ಲ." ಕಾಕು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ಇಲ್ಲ ಎನ್ನಲಿಲ್ಲ. ಒಂದು ವಾರದ ಮೇಲೆ ಫೋನು ಮಾಡಿದಾಗ ಹಿನ್ನೆಲೆಯಲ್ಲಿ ಹಾರ್ಮೋನಿಯಂ ಕೇಳಿಸಿತು.

ಸಂಘದ ಕಾರ್ಯದರ್ಶಿಗಳು ಬೆಂಗಳೂರು ಕಡೆಯವರು, ಬಹಳ ಶಿಸ್ತಿನ ಮನುಷ್ಯ. "ಸರ್, ಫ್ಯಾಷನ್ ಶೋ ಆದ್ಮೇಲೆ, ಊಟಕ್ಕೆ ಮುಂಚೆ, ನಿಮಗೆ ಇಪ್ಪತ್ತು ನಿಮಿಷ. ಇಪ್ಪತ್ತೊಂದಾಗಂಗಿಲ್ಲ. ಯಾವ ಹಾಲ್ ಸಿಕ್ಕಿದ್ರೂ ಎರಡು ಗಂಟೆಗೆ ಬಿಟ್ಕೊಡ್ಬೇಕು" ಎಂದರು. ಕಾಕಾ ಇಪ್ಪತ್ತು ನಿಮಿಷಕ್ಕೆ ಒಪ್ಪಿದರು. ಜಗಳ ಹತ್ತಿದ್ದು ಯಾವ ಹಾಲ್ ಎಂಬುದಕ್ಕೆ. ಒಳ್ಳೆಯ ದೀಪ, ಒಳ್ಳೆಯ ಮೈಕು ಇರುವ ಎರಡು ಹಾಲುಗಳನ್ನು ಕಾಕಾ ಬೇಡವೇ ಬೇಡ ಎಂದರು. ಕಾರಣ? ಅಲ್ಲಿ ಪರದೆ ಇರಲಿಲ್ಲ! "ಪರದಿ ಇಲ್ಲದ್ದು ಹಾಲ್ ಅಲ್ಲ, ಗೋದಾಮು." ಕೊನೆಗೆ ಯಾವುದೋ ಚರ್ಚಿಗೆ ಸೇರಿದ ಒಂದು ಹಳೆಯ ಹಾಲು ಸಿಕ್ಕಿತು, ಎರಡು ಗಂಟೆಗೆ ಅಲ್ಲಿ ಜುಂಬಾ ಕುಣಿತದ ಕ್ಲಾಸು. ಹೀಟರು ಅಷ್ಟಕ್ಕಷ್ಟೆ, ಕುರ್ಚಿಗಳು ಕಿರುಗುಟ್ಟುತ್ತಿದ್ದವು, ಆದರೆ ಕೆಂಪು ಮಖಮಲ್ಲಿನ ಪರದೆ ಇತ್ತು, ಕೈಯಿಂದ ಎಳೆಯುವ ಹಗ್ಗವೂ ಇತ್ತು. ಕಾಕಾ ಆ ಹಗ್ಗವನ್ನು ಎರಡು ಸಲ ಎಳೆದು ನೋಡಿ, ಕಣ್ಣು ಮುಚ್ಚಿ ತೆಗೆದು, "ಇದ ಬೇಕು" ಎಂದರು. ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

ತಾಲೀಮು ಗ್ರೀನ್‌ಫರ್ಡ್‌ನ ಮುಂದಿನ ಕೋಣೆಯಲ್ಲಿ. ಮಾಲಕರು ಚುಟ್ಟ ಹಿಡಿದು ತಾಲೀಮು ನೋಡುತ್ತಿದ್ದರೆಂದು ಕಾಕಾನ ನಂಬಿಕೆ. ಕಾಕು ಮನೆಯಲ್ಲಿ ಚುಟ್ಟ ಬಿಡುವುದುಂಟೇ? ಕಾಕಾ ಎರಡು ಬೆರಳ ನಡುವೆ ಒಂದು ಗಜ್ಜರಿ, ಅಂದರೆ ಕ್ಯಾರೆಟ್ಟು, ಹಿಡಿದು ಕೂರುತ್ತಿದ್ದರು! ಸಿಟ್ಟು ಬಂದರೆ ಅದನ್ನೇ ಬೀಸುವುದು, ಖುಷಿಯಾದರೆ ಕಡಿಯುವುದು. ಗಜ್ಜರಿ ಎಷ್ಟು ಉಳಿದಿದೆ ಎಂದು ನೋಡಿದರೆ ಅವತ್ತಿನ ತಾಲೀಮು ಹೇಗಾಯಿತೆಂದು ಹೇಳಬಹುದಿತ್ತು.

ಮಾಲಕರ ಹುಡುಗಿಯರು ಮೆಟ್ಟಿಲಿಳಿಯುವ ಗತ್ತಿಗೆ ಲಂಡನ್ನೇ ಮರುಳಾಗಿತ್ತಂತೆ. ಹಾಗಾಗಿ ಮೇಳದ ಆರು ಜನ ಹೆಂಗಸರು, ನಾನೂ ಸೇರಿ, ಆ ಮನೆಯ ಹದಿಮೂರು ಮೆಟ್ಟಿಲನ್ನು ನೆಲ ನೋಡದೆ, ನಗುತ್ತಾ, ಹಾಡುತ್ತಾ ಇಳಿಯಬೇಕಿತ್ತು. ಹಾಸಿದ ಕಾರ್ಪೆಟ್ಟು ಸವೆದು ಜಾರುತ್ತಿತ್ತು. ಮೂರನೆಯ ದಿನ ನಾನು ಏಳನೇ ಮೆಟ್ಟಿಲಿನಿಂದ ಸೀದಾ ಬಾಗಿಲಿಗೆ ಬಂದೆ. ಕಾಕಾ ಗಜ್ಜರಿ ಕಡಿದು, "ನಗು ಮಾತ್ರ ಬಿಡಲಿಲ್ಲ ನೋಡ್ರಿ ಇಕಿ! ಇದು ಕಲಾವಿದೆ ಅಂದ್ರ!" ಎಂದರು. ನಾನು ನಗುತ್ತಿರಲಿಲ್ಲ, ಸೊಂಟದ ನೋವಿಗೆ ಬಾಯಿ ತೆರೆದಿದ್ದೆ.

ಮಾಲಕರು ತಮ್ಮ ನಟಿಯರಿಗೆ ಒಳ್ಳೆಯ ಹೋಟೆಲಿನಲ್ಲಿ ಊಟದ ಏರ್ಪಾಡು ಮಾಡುತ್ತಿದ್ದರು ಎಂದು ಪುಸ್ತಕದಲ್ಲಿತ್ತಂತೆ. ಕಾಕಾನೂ ತಾಲೀಮಿಗೆ ಬಂದವರನ್ನು ಉಪವಾಸ ಕಳಿಸುತ್ತಿರಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ! ರೊಟ್ಟಿ ಬಡಿಯುವವರು ಯಾರು? ಕಾಕು ಒಂದು ಸಂಭಾಷಣೆ ಹೇಳಿ ಒಲೆಯ ಹತ್ತಿರ ಓಡುವುದು, ರೊಟ್ಟಿ ತಿರುವಿ ಹಾಕಿ ಬಂದು ಪ್ರೇಮದ ಮಾತಾಡುವುದು. "ಹೀರೋಯಿನ್ನೂ ನಾನ, ಖಾನಾವಳಿನೂ ನಾನ!" ಎಂದು ಬೈದರು. ಬೈಯುವಾಗಲೂ ಮುಖ ಹೊಳೆಯುತ್ತಿತ್ತು. ನಾನು ಕಾಕುವನ್ನು ಅಷ್ಟು ಚೆಲುವೆಯಾಗಿ ಯಾವತ್ತೂ ನೋಡಿರಲಿಲ್ಲ.

ಹೀರೋಯಿನ್ನಿಗೆ ಹಾಡು ಒಂದೇ. ಕಾಕಾ ಬರೆದದ್ದು. ಅಂಗಡಿಯ ಹುಡುಗಿ ಅಳತೆಪಟ್ಟಿ ಹಿಡಿದು ಹಾಡುತ್ತಾಳೆ:

ಐದೂವರೆ ಮೀಟರು ಅಳಿತೀನಿ ದಿನವೆಲ್ಲ
ಯಾರದೋ ಲಗ್ನಕ, ಯಾರದೋ ಹಬ್ಬಕ,
ನನಗೊಂದು ಸೀರೀಯ ಅಳೆಯಾವರ್ಯಾರ?

ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಮೀಟರು ಅಂತೆ, ಹಾಡಂತೆ! ಕಾಕು ಹಾರ್ಮೋನಿಯಂ ಒತ್ತಿ ಹಾಡಿದ ಮೇಲೆ ನಗು ನಿಂತಿತು.

ಎಲ್ಲ ಕೆಲಸವನ್ನೂ ಕಾಕಾ ಹಂಚಿದರು, ಒಂದನ್ನು ಬಿಟ್ಟು. ಪರದೆ ಎಳೆಯಲು ನನ್ನ ಮಗಳು ಮುಂದೆ ಬಂದರೆ ಕಾಕಾ ಬೇಡವೆಂದರು. ನಾನು ಕಾಲೆಳೆದೆ: "ಕಾಕಾ, ನೀವೀಗ ಮಾಲಕರು. ನಿಮ್ಮ ಮಾಲಕರು ಎಂದಾದರೂ ಹಗ್ಗ ಹಿಡಿದು ನಿಂತಿದ್ರೇನು?" ಕಾಕಾ ಅರ್ಧ ಗಜ್ಜರಿಯನ್ನು ಮೇಜಿನ ಮೇಲಿಟ್ಟು, "ಹಗ್ಗ ನಾನ ಹಿಡಿತೀನಿ" ಎಂದಷ್ಟೇ ಹೇಳಿದರು.

ಆ ದಿನ ಬಂತು. ಚರ್ಚಿನ ಹಾಲಿನ ಪುಟ್ಟ ಅಡುಗೆಕೋಣೆಯೇ ನಮ್ಮ ಮೇಕಪ್ ರೂಮು. ಒಂದು ಕಡೆ ಬಿಸಿಬೇಳೆಭಾತಿನ ಹಂಡೆಗಳು, ಇನ್ನೊಂದು ಕಡೆ ಕಾಕು. ನಾನು ಸೆರಗಿಗೆ ಪಿನ್ನು ಹಾಕುತ್ತಿದ್ದೆ. ಕಾಕುವಿನ ಕೈ ತಣ್ಣಗಿತ್ತು.

"ಹೆದರಬ್ಯಾಡ್ರಿ ಕಾಕು. ಎಷ್ಟು ವನ್ಸ್ ಮೋರ್ ನೋಡಿದವರು ನೀವು" ಎಂದೆ, ಧೈರ್ಯಕ್ಕೆ.

"ನೋಡೀನಿ ಯವ್ವಾ, ಮಂದೀವು" ಎಂದರು ಕಾಕು. "ನನಗ ಬಂದದ್ದು ಒಂದ. ಗದಗಿನ ಕ್ಯಾಂಪಿನಾಗ. ಅವತ್ತು ಏನೋ ಭಾಳ ಚಲೋ ಹಾಡಿದ್ದೆ. ಹಿಂದಿನ ಸಾಲಿನಿಂದ ಯಾರೋ ವನ್ಸ್ ಮೋರ್ ಅಂದ್ರು. ನಾ ಬಾಯಿ ತೆರಿಯೂದ್ರಾಗ ಪರದಿ ಬಂದಬಿಡ್ತು."

ನನ್ನ ಕೈಯಲ್ಲಿನ ಪಿನ್ನು ನಿಂತಿತು. "ಎಳೆದವರು?"

ಕಾಕು, ಕಾಕಾ ಹಗ್ಗ ಹಿಡಿದು ನಿಂತಿದ್ದ ರಂಗದ ಕಡೆಗೆ ಗದ್ದದಿಂದ ತೋರಿಸಿದರು. "ನನ್ನ ಹಾಡು ಕೇಳ್ಕೋತ ಮೈ ಮರತು ನಿಂತಿದ್ರಂತ. ಹಾರ್ಮೋನಿಯಂ ಮಾಸ್ತರು ಆಮ್ಯಾಲ ಹೇಳಿದ್ರು. ಚಪ್ಪಾಳಿ ಕೇಳಿ ಗಾಬರ್ಯಾಗಿ ಹಗ್ಗ ಎಳದಬಿಟ್ರು. ಆ ವನ್ಸ್ ಮೋರ್ ನಾ ಹಾಡಿದ್ರ ಮುಂದಿನ ಕ್ಯಾಂಪಿಗೆ ದೊಡ್ಡ ಪಾತ್ರ ಕೊಡೂದಿತ್ತು. ಅಷ್ಟರಾಗ ಕಂಪನಿನ ಮುಚ್ಚಿತು." ಕನ್ನಡಿ ನೋಡಿ ಕುಂಕುಮ ಸರಿಮಾಡಿಕೊಂಡರು. "ಅವರಿಗೆ ಇದೆಲ್ಲಾ ನೆನಪಿಲ್ಲ ಬಿಡು. ನಾನೂ ಯಾವತ್ತೂ ಎತ್ತಿಲ್ಲ. ಪಾಪ, ಯಾಕ ನೋಯಿಸೋದು?"

ಪಿನ್ನು ಹಾಕಿ ಮುಗಿಸಿದೆ. ಆ ಮನುಷ್ಯನ ಬಗ್ಗೆ ನನಗೆ ಅವತ್ತು ನಿಜವಾಗಿ ಸಿಟ್ಟು ಬಂತು. ನೂರು ವರ್ಷದ ಹಿಂದೆ ಸತ್ತ ಮಾಲಕರು ಏನು ತಿಂದರು, ಏನು ಉಟ್ಟರು ಎಲ್ಲ ನೆನಪಿದೆ, ಹೆಂಡತಿಯ ಒಂದೇ ಒಂದು ವನ್ಸ್ ಮೋರ್ ನೆನಪಿಲ್ಲವೇ!

ನಾಟಕ ಶುರುವಾಯಿತು. ಮೇಳದವರಾದ ನಾವು ಮೊದಲ ಹಾಡಿಗೆ ಕುಣಿದು, ಜಾರದೆ ಇಳಿದು ಬಂದು ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಕೂತೆವು. ಪೊಲೀಸ್ ವೇಷದ ನನ್ನ ಗಂಡ ಬಂದರು. ಧಾರವಾಡ ಕನ್ನಡದಲ್ಲಿ ಕಲಿಸಿದ್ದ ಪ್ರೇಮದ ಮಾತು ಪೂರ್ತಿ ಮರೆತುಹೋಗಿ, "ಹ್ವಾಯ್, ನಿಮ್ ಅಂಗ್ಡಿಯಲ್ ಸೀರಿ ಸಿಕ್ಕತ್ತಾ?" ಎಂದುಬಿಟ್ಟರು. ಜನ ಬಿದ್ದು ಬಿದ್ದು ನಕ್ಕರು. ಕಾಕು ಒಂದು ಕ್ಷಣವೂ ತಡವರಿಸದೆ, "ಸಿಗತೈತಿ, ಮೊದಲ ಆ ಟೊಪಗಿ ತೆಗದು ಮಾತಾಡ್ರಿ ಸಾಹೇಬ್ರ" ಎಂದರು. ಆ ಮಾತು ನಾಟಕದಲ್ಲಿರಲಿಲ್ಲ! ಕಂಪನಿಯಲ್ಲಿ ಪಳಗಿದ ನಾಲಿಗೆ ನೋಡಿ ಅದು.

ಆಮೇಲೆ ಹಾಡು. ಕೌಂಟರಿನ ಮೇಲೆ ಹರಡಿದ ಸೀರೆಯ ಮರೆಯಲ್ಲಿ ಹಾರ್ಮೋನಿಯಂ. ಕಾಕು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು, ಒಂದು ಕೈಯಲ್ಲಿ ತಿದಿ, ಇನ್ನೊಂದು ಕೈಯಲ್ಲಿ ಮಣೆ ಒತ್ತಿ ಹಾಡಿದರು. ನಿಂತೇ ಹಾಡಿದರು. ಮೂವತ್ತು ವರ್ಷ ನಿಂತ ಹಾಗೆ. ಮೇಲಿನ ಸ್ವರದಲ್ಲಿ ದನಿ ಸ್ವಲ್ಪ ನಡುಗಿತು, ಆದರೆ ಮುರಿಯಲಿಲ್ಲ. 'ಅಳೆಯಾವರ್ಯಾರ' ಎಂದ ಮೇಲೆ ಅಳತೆಪಟ್ಟಿ ತೆಗೆದು ಕೆಳಗಿಟ್ಟರು.

ಚಪ್ಪಾಳೆ ಬಿತ್ತು. ಒಳ್ಳೆಯ ಚಪ್ಪಾಳೆ, ಲಂಡನ್ನಿನ ಚಪ್ಪಾಳೆ, ಎಲ್ಲರಿಗೂ ಸಮನಾಗಿ ಕೊಡುವಂಥದ್ದು. ನಿಂತೂಹೋಯಿತು. ಭಾತಿನ ವಾಸನೆ ಬರುತ್ತಿತ್ತು, ಹಿಂದಿನ ಸಾಲಿನವರು ಆಗಲೇ ಕೋಟು ಸರಿಮಾಡಿಕೊಳ್ಳುತ್ತಿದ್ದರು. ರಂಗದ ಪಕ್ಕದಲ್ಲಿ ಕಾರ್ಯದರ್ಶಿಗಳು ಗಡಿಯಾರ ತೋರಿಸಿ, "ಸರ್, ಟೈಮ್ ಆಯ್ತು, ಕ್ಲೋಸ್ ಮಾಡಿ" ಎನ್ನುವುದು ಮುಂದಿನ ಸಾಲಿಗೆ ಕೇಳಿಸಿತು. ಕಾಕು ಪಕ್ಕಕ್ಕೆ ತಿರುಗಿ ಹಗ್ಗದ ಕಡೆ ನೋಡಿದರು.

ಕಾಕಾ ಹಗ್ಗ ಎಳೆಯಲಿಲ್ಲ. ಅದನ್ನು ಮಣಿಕಟ್ಟಿಗೆ ಎರಡು ಸುತ್ತು ಬಿಗಿದು, ಗೋಡೆಗೆ ಒರಗಿ, ಕಿವಿಯೊಂದನ್ನು ಹಾಲಿನ ಕಡೆ ಮಾಡಿ ನಿಂತಿದ್ದರು. "ಸರ್!" ಎಂದರು ಕಾರ್ಯದರ್ಶಿಗಳು. ಕಾಕಾ ಅವರ ಕಡೆ ನೋಡಲೂ ಇಲ್ಲ. ಎಪ್ಪತ್ತಾರು ವರ್ಷದ ಮನುಷ್ಯ, ಸ್ವತಃ ಕೂಗುವ ಹಾಗಿಲ್ಲ, ಪರದೆಯವನು ಕೂಗುವುದಿಲ್ಲ. ಕಾಯುತ್ತಿದ್ದರು.

ಆಗ ನನಗೆ ಎಲ್ಲ ತಿಳಿಯಿತು. ಪರದೆ ಇರುವ ಹಾಲೇ ಯಾಕೆ ಬೇಕಾಗಿತ್ತು, ಹಗ್ಗ ಯಾಕೆ ಯಾರಿಗೂ ಕೊಡಲಿಲ್ಲ, ಎಲ್ಲ. ಇಡೀ ಹಾಲು ಸುಮ್ಮನಿದೆ. ಯಾರೂ ಕೂಗುತ್ತಿಲ್ಲ. ಕೂಗದಿದ್ದರೆ?

ಎದ್ದು ನಿಂತೆ. "ವನ್ಸ್ ಮೋರ್!"

ದನಿ ಹೊರಟಿದ್ದು ಕೀರಲು. ನನ್ನ ಮಗಳು ಸೆರಗು ಹಿಡಿದು ಜಗ್ಗಿದಳು. "ಅಮ್ಮಾ! ಸಿಟ್ ಡೌನ್!" ಅವಳ ಕಿವಿ ಕೆಂಪಾಗಿತ್ತು, ಅವತ್ತು ಥಿಯೇಟರಿನಲ್ಲಿ ನನ್ನದು ಆದ ಹಾಗೆಯೇ. ನಾನು ಮತ್ತೊಮ್ಮೆ ಕೂಗಿದೆ. ಈ ಸಲ ರಂಗದ ಮೇಲಿಂದಲೇ ಪೊಲೀಸ್ ಸಾಹೇಬರು ಟೊಪ್ಪಿಗೆ ಎತ್ತಿ, "ಒನ್ಸ್ ಮೋರ್!" ಎಂದರು. ಹಿಂದಿನಿಂದ ಯಾರೋ ಬಿಜಾಪುರದ ಅಜ್ಜ ಕುರ್ಚಿ ಕಿರುಗುಟ್ಟಿಸಿ ಎದ್ದರು, ಅವರ ಗಂಟಲಿಗೆ ಅಭ್ಯಾಸವಿತ್ತು. ಕೂಗಬಹುದು ಎಂದು ತಿಳಿದ ಕೂಡಲೇ ಮಕ್ಕಳು ಬಿಟ್ಟಾರೆಯೇ? ಹಾಲಿಗೆ ಹಾಲೇ ವನ್ಸ್ ಮೋರ್! ನನ್ನ ಮಗಳೂ!

ಕಾಕು ಕೌಂಟರು ಹಿಡಿದುಕೊಂಡರು. ಮತ್ತೆ ಪಕ್ಕಕ್ಕೆ ನೋಡಿದರು, ಪರದೆ ಬರುತ್ತದೇನೋ ಎಂದು. ಬರಲಿಲ್ಲ. ಹಾಡಿದರು. ಮುಗಿದ ಮೇಲೆ ಮತ್ತೆ ವನ್ಸ್ ಮೋರ್ ಬಂತು, ಮತ್ತೆ ಹಾಡಿದರು. ಅಷ್ಟರಲ್ಲಿ ಜುಂಬಾದವರು ಬಂದು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಗಡಿಯಾರದ ಕಾರ್ಯದರ್ಶಿಗಳು ಕರವಸ್ತ್ರ ಹುಡುಕುತ್ತಿದ್ದರು. ನಾನಂತೂ ಅತ್ತೆ, ಅದನ್ನೇನು ಮುಚ್ಚಿಡುವುದು.

ಹಾಲನ್ನು ಜುಂಬಾದವರಿಗೆ ಬಿಟ್ಟುಕೊಟ್ಟು, ಊಟವನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಕಾರು ನಿಲ್ಲಿಸಿದ ಜಾಗದಲ್ಲಿ ನಿಂತು ತಿಂದೆವು. ನವೆಂಬರಿನ ಚಳಿ. ಕಾಕು ಕಾರಿನ ಹಿಂದಿನ ಸೀಟಿನಲ್ಲಿ ಬಾಗಿಲು ತೆರೆದು ಕೂತಿದ್ದರು, ಹೌದು, ಕೂತಿದ್ದರು! ಕಾಕಾ ಚಮಚ ಹಿಡಿಯಲು ಒದ್ದಾಡುವುದು ನೋಡಿ, "ಕೈ ತೋರಸ್ರಿ" ಎಂದರು. ಮಣಿಕಟ್ಟಿನ ಸುತ್ತ ಹಗ್ಗದ ಬರೆ ಕೆಂಪಗೆ ಎದ್ದಿತ್ತು. ಕಾಕು ಪರ್ಸಿನಿಂದ ಮುಲಾಮು ತೆಗೆದು ಹಚ್ಚತೊಡಗಿದರು. "ಇಷ್ಟು ಬಿಗಿ ಯಾಕ ಸುತ್ತಗೊಂಡ್ರಿ, ಹುಚ್ಚರಂಗ?"

ಕಾಕಾ ಡಬ್ಬಿಯ ಕಡೆ ನೋಡುತ್ತಾ ಹೇಳಿದರು: "ಗದಗಿನಾಗ ಸುತ್ತಗೊಳ್ಳಲಿಲ್ಲಲ್ಲ. ಅದಕ್ಕ."

ಕಾಕುವಿನ ಬೆರಳು ನಿಂತಿತು. ನಲವತ್ತೇಳು ವರ್ಷ ಇಬ್ಬರೂ ಒಂದೇ ಮಾತನ್ನು ಒಬ್ಬರಿಗೊಬ್ಬರು ಗೊತ್ತಾಗದಂತೆ ಇಟ್ಟುಕೊಂಡಿದ್ದರು. ನಾನು ಮುಖ ಆಚೆ ತಿರುಗಿಸಿದೆ, ಕಿವಿ ಮಾತ್ರ ತಿರುಗಲಿಲ್ಲ.

"ಏನಂದ್ರಿ?" ಕಾಕು ಕೇಳಿದರು. "ಮತ್ತೊಮ್ಮೆ ಹೇಳ್ರಿ."

ಕಾಕಾ ಮತ್ತೊಮ್ಮೆ ಹೇಳಿದರು.